ಇಥಾಕಾದ ಏಳು ಹುಡುಗರ ಬೆನ್ನು ಹಿಡಿದು

ನಮ್ಮ ಅಜ್ಜ ವಾರಾನ್ನ ಮಾಡಿ ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹಾಗಿದ್ದರೂ ಅಜ್ಜ ಒಂದು ಮಾತು ಹೇಳುತ್ತಿದ್ದರು: "ನನಗೆ ಊಟ ಹಾಕುವ ಏಳು ಮನೆ ಸಿಕ್ಕಿತು ಮಗಾ. ಜಗಲಿ ಹತ್ತಲೂ ಬಿಡದ ಮಕ್ಕಳು ಎಲ್ಲಿಗೆ ಹೋಗಬೇಕಿತ್ತು?" ನಾನು ಮುಂದೆ ಮಂಗಳೂರಿನಲ್ಲಿ ಮೇಷ್ಟ್ರಾದೆ. ಹನ್ನೊಂದು ವರ್ಷ ಹಾಸ್ಟೆಲ್ ವಾರ್ಡನ್ ಕೂಡ ಆಗಿದ್ದೆ. ಅಜ್ಜನ ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲೇ ಇಲ್ಲ.

ಅಣ್ಣನ ಮಗಳು ಅಮೆರಿಕದ ಇಥಾಕಾ ಎಂಬ ಊರಿನ ಕಾರ್ನೆಲ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಒಂದು ದಿನ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ಒಂದು ಗಿಡ್ಡ ಗೋಡೆ, ಅದಕ್ಕೆ ತಾಗಿ ಕೂರಲು ಒಂದು ಬೆಂಚು. ಕೆಳಗೆ, "ಚಿಕ್ಕಪ್ಪ, ನಿಮ್ಮ ಹಾಸ್ಟೆಲ್ ಕಥೆಯಂಥದ್ದೇ ಒಂದು ಕಥೆ ಇಲ್ಲಿದೆ. ಬಂದರೆ ತೋರಿಸುತ್ತೇನೆ" ಎಂದು ಬರೆದಿದ್ದಳು. ಆಲ್ಫಾ ಫೈ ಆಲ್ಫಾ ಎಂಬ ಹೆಸರನ್ನು ನಾನು ಕೇಳಿದ್ದು ಆಗಲೇ. ಕಾರ್ನೆಲ್‌ನಲ್ಲಿ ಓದುತ್ತಿದ್ದ ಏಳು ಕಪ್ಪು ಹುಡುಗರು 1906ರಲ್ಲಿ ಕಟ್ಟಿಕೊಂಡ ಕೂಟ ಅದು. ನಿವೃತ್ತಿಯ ದುಡ್ಡಿನಲ್ಲಿ ಒಂದಿಷ್ಟು ಎತ್ತಿಟ್ಟಿದ್ದೆ. ಅಕ್ಟೋಬರಿನಲ್ಲಿ ಹೊರಟೆ.

ಮೊದಲ ದಿನ: ಹಾರ್ಲೆಮ್

ನನ್ನನ್ನು ಕರೆದುಕೊಂಡು ಹೋಗಲು ಅವಳೇ ನ್ಯೂಯಾರ್ಕಿಗೆ ಬಂದಿದ್ದಳು. ಇಥಾಕಾಕ್ಕೆ ಮರುದಿನ ಬೆಳಿಗ್ಗೆ ಬಸ್ಸು. ಕೈಯಲ್ಲಿದ್ದ ಒಂದು ದಿನದಲ್ಲಿ ಎಲ್ಲರೂ ನೋಡುವ ಸ್ವಾತಂತ್ರ್ಯ ದೇವಿಯ ಪ್ರತಿಮೆ ಬೇಡ ಎಂದೆ. ನೇರ ಕಪ್ಪು ಜನರ ಬಡಾವಣೆ ಎಂದೇ ಹೆಸರಾದ ಹಾರ್ಲೆಮ್‌ಗೆ ಹೋದೆವು.

ಪಶ್ಚಿಮ 134ನೇ ಬೀದಿಯಲ್ಲಿ ಸೇಂಟ್ ಫಿಲಿಪ್ಸ್ ಎಂಬ ಇಗರ್ಜಿ ಇದೆ. ಇಟ್ಟಿಗೆ ಕಟ್ಟಡ, ಮೇಲೆ ಚೂಪಾದ ಕಮಾನುಗಳು. 1910-11ರಲ್ಲಿ ಕಟ್ಟಿದ್ದು. ಇದರ ನಕ್ಷೆ ಮಾಡಿದ ಇಬ್ಬರಲ್ಲಿ ಒಬ್ಬರು ವರ್ಟ್ನರ್ ವುಡ್ಸನ್ ಟ್ಯಾಂಡಿ. ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿ ಪಡೆದ ಮೊದಲ ಕಪ್ಪು ವಾಸ್ತುಶಿಲ್ಪಿ. ಕೂದಲಿನ ಎಣ್ಣೆ, ಮುಲಾಮು ಮಾರಿ ದೊಡ್ಡ ಉದ್ಯಮ ಕಟ್ಟಿದ ಮೇಡಂ ಸಿ. ಜೆ. ವಾಕರ್ ಅವರ ಹಡ್ಸನ್ ನದಿ ಬದಿಯ ಬಂಗಲೆ ಕೂಡ ಇವರ ಕೈಯದ್ದೇ. ನಾನು ಹುಡುಕಿಕೊಂಡು ಬಂದ ಏಳು ಹುಡುಗರಲ್ಲಿ ಟ್ಯಾಂಡಿ ಒಬ್ಬರು. ಕಥೆಯ ಮೊದಲಿಗೂ ಮುಂಚೆ ಅದರ ಫಲವನ್ನೇ ನೋಡಿಬಿಟ್ಟೆ ಅನ್ನಿಸಿತು. ಗೋಡೆಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತೆ.

ಅಲ್ಲಿಂದ ಕೊಲಂಬಿಯಾ ಯೂನಿವರ್ಸಿಟಿ ದೂರವಿಲ್ಲ. ಅಂಬೇಡ್ಕರ್ 1913ರಿಂದ 1916ರವರೆಗೆ ಓದಿದ ಜಾಗ. ಮೆಟ್ಟಿಲ ಮೇಲೆ ಕೂತು ಬುತ್ತಿಯ ಚಪಾತಿ ತಿಂದೆವು. 1946ರಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ಚಿಂತಕ ಡಬ್ಲ್ಯೂ. ಇ. ಬಿ. ಡು ಬೋಯಿಸ್ ಅವರಿಗೆ ಒಂದು ಪತ್ರ ಬರೆದರು. ನಮ್ಮಲ್ಲಿನ ಅಸ್ಪೃಶ್ಯರ ಸ್ಥಿತಿಗೂ ನಿಮ್ಮ ಜನರ ಸ್ಥಿತಿಗೂ ತುಂಬ ಹೋಲಿಕೆ ಇದೆ, ವಿಶ್ವಸಂಸ್ಥೆಗೆ ನಿಮ್ಮವರು ಸಲ್ಲಿಸಿದ ಮನವಿಯ ಪ್ರತಿ ಬೇಕು ಎಂದು ಕೇಳಿದ್ದರು. ಡು ಬೋಯಿಸ್ ಉತ್ತರವನ್ನೂ ಬರೆದರು. ಈ ಡು ಬೋಯಿಸ್ ಕೂಡ ಆಲ್ಫಾ ಫೈ ಆಲ್ಫಾದ ಸದಸ್ಯರು. ಇದನ್ನು ಅಣ್ಣನ ಮಗಳು ಹೇಳಿದಾಗ ಚಪಾತಿ ಕೈಯಲ್ಲೇ ಉಳಿಯಿತು. ನಾನು ಹುಡುಕಿ ಬಂದ ಕಥೆಗೆ ನಮ್ಮ ಕಡೆಯಿಂದಲೂ ಒಂದು ಎಳೆ ಬಂದು ಸೇರಿತ್ತು.

ಎರಡನೇ ದಿನ: ದಾರಿ

ಬಸ್ಸಿನಲ್ಲಿ ಸುಮಾರು ಐದು ಗಂಟೆ. ಗುಡ್ಡದ ಮರಗಳೆಲ್ಲ ಕೆಂಪು, ಹಳದಿ. ನಮ್ಮ ಘಟ್ಟದ ಹಸಿರು ನೋಡಿದ ಕಣ್ಣಿಗೆ ಇದು ಬೇರೆಯೇ ಲೋಕ. ದಾರಿಯುದ್ದಕ್ಕೂ ಅಣ್ಣನ ಮಗಳು ನನಗೆ ಫ್ರೆಟರ್ನಿಟಿ ಅಂದರೆ ಏನೆಂದು ಪಾಠ ಮಾಡಿದಳು.

ಅದು ಕಾಲೇಜು ಹುಡುಗರ ಕೂಟ. ಹೆಸರು ಗ್ರೀಕ್ ಅಕ್ಷರಗಳಲ್ಲಿ. ಒಂದೊಂದು ಕಾಲೇಜಿನ ಶಾಖೆಗೆ ಚಾಪ್ಟರ್ ಅನ್ನುತ್ತಾರೆ. ಹೊಸಬರನ್ನು ಗುಟ್ಟಿನ ವಿಧಿಯ ಮೂಲಕ ಸೇರಿಸಿಕೊಳ್ಳುತ್ತಾರೆ. ಸೇರಿದವರು ಸಾಯುವವರೆಗೂ ಪರಸ್ಪರ 'ಬ್ರದರ್'. ಹಲವು ಕೂಟಗಳಿಗೆ ಸ್ವಂತ ಮನೆ ಇರುತ್ತದೆ. ವಾಸ, ಊಟ, ಓದು ಎಲ್ಲ ಅಲ್ಲೇ. ಕಲಿತು ಹೊರಬಿದ್ದ ಮೇಲೆ ಕೆಲಸಕ್ಕೆ ಕೈ ಹಿಡಿಯುವವರೂ ಅವರೇ.

"ಅಂದರೆ ನಮ್ಮ ಜಾತಿ ಹಾಸ್ಟೆಲುಗಳ ಹಾಗೆ?" ಎಂದೆ.

"ಸ್ವಲ್ಪ ಹಾಗೆ, ಸ್ವಲ್ಪ ಅಲ್ಲ. ನಾಳೆ ನೋಡಿ ಚಿಕ್ಕಪ್ಪ" ಎಂದಳು.

ಸಂಜೆ ಅವಳ ಪುಟ್ಟ ಮನೆಯಲ್ಲಿ ತಿಳಿಸಾರು, ಅನ್ನ, ಮಿಡಿ ಉಪ್ಪಿನಕಾಯಿ. ಹೊರಗೆ ಚಳಿ ಜೋರಾಗಿತ್ತು. ಬೇಗ ಮಲಗಿದೆ.

ಮೂರನೇ ದಿನ: ಗುಡ್ಡದ ಮೇಲೆ

ಇಥಾಕಾ ಪೇಟೆ ಕಯುಗ ಸರೋವರದ ದಂಡೆಯಲ್ಲಿದೆ. ಕಾರ್ನೆಲ್ ಇರುವುದು ಮೇಲೆ, ಗುಡ್ಡದ ನೆತ್ತಿಯಲ್ಲಿ. ಎರಡು ಬದಿಗೂ ಆಳವಾದ ಕಮರಿ, ಅದರೊಳಗೆ ಜಲಪಾತ. ಹತ್ತುವಾಗ ನನ್ನ ಮಂಡಿ ನೋಯುತ್ತಿತ್ತು. ಏಳೂ ಹುಡುಗರು ದಿನವೂ ಈ ಏರು ಹತ್ತಿ ಇಳಿದಿರಬೇಕು ಅಂದುಕೊಂಡೆ.

ಯೂನಿವರ್ಸಿಟಿ 1865ರಲ್ಲಿ ಹುಟ್ಟಿತು. ಕಟ್ಟಿಸಿದ ಎಜ್ರಾ ಕಾರ್ನೆಲ್ ಅವರ ಆಸೆ ದೊಡ್ಡದು. ಯಾರು ಬೇಕಾದರೂ ಬಂದು ಯಾವ ವಿದ್ಯೆ ಬೇಕಾದರೂ ಕಲಿಯಬಹುದಾದ ಜಾಗ ಬೇಕು ಎಂದಿದ್ದರು. ಕಪ್ಪು ಹುಡುಗರಿಗೂ ಬಾಗಿಲು ತೆರೆದಿತ್ತು. ತರಗತಿಯ ಬಾಗಿಲು ಮಾತ್ರ. ತರಗತಿ ಮುಗಿದ ಮೇಲೆ ಎಲ್ಲಿಗೆ ಹೋಗಬೇಕು? ಆ ಕಾಲದಲ್ಲಿ ಗಂಡು ಹುಡುಗರಿಗೆ ಯೂನಿವರ್ಸಿಟಿಯದ್ದು ಅಂತ ಹೇಳಿಕೊಳ್ಳುವಂಥ ಹಾಸ್ಟೆಲ್ ಇರಲಿಲ್ಲ. ಬಿಳಿಯ ಹುಡುಗರಿಗೆ ಫ್ರೆಟರ್ನಿಟಿ ಮನೆಗಳಿದ್ದವು, ಪೇಟೆಯ ಬಾಡಿಗೆ ಕೋಣೆಗಳಿದ್ದವು. ಕಪ್ಪು ಹುಡುಗರಿಗೆ ಎರಡೂ ಇಲ್ಲ. ಪೇಟೆಯಲ್ಲಿದ್ದ ಕೆಲವೇ ಕಪ್ಪು ಕುಟುಂಬಗಳು ತಮ್ಮ ಮನೆಯಲ್ಲಿ ಜಾಗ ಕೊಟ್ಟವು.

ಒಂದು ಶೈಕ್ಷಣಿಕ ವರ್ಷ ಆರು ಕಪ್ಪು ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋದವರು ವಾಪಸ್ ಬರಲೇ ಇಲ್ಲ. ಉಳಿದವರಿಗೆ ಇದು ತಟ್ಟಿತು. ವಾರ್ಡನ್ ಆಗಿದ್ದಾಗ ದಸರಾ ರಜೆ ಮುಗಿದು ಹಾಜರಿ ಹಾಕುವಾಗ ಒಂದೊಂದು ಹೆಸರಿಗೆ ಉತ್ತರ ಬರುತ್ತಿರಲಿಲ್ಲ. ಆಗ ಹೊಟ್ಟೆಯೊಳಗೆ ಆಗುವ ಸಂಕಟ ನನಗೆ ಗೊತ್ತು. ಹುಡುಗ ದಡ್ಡ ಅಂತ ಅಲ್ಲ. ಇಲ್ಲಿ ತನ್ನವರು ಯಾರೂ ಇಲ್ಲ ಅಂತ ಅವನಿಗೆ ಅನ್ನಿಸಿರುತ್ತದೆ, ಅಷ್ಟೇ.

1905-06ರಲ್ಲಿ ಉಳಿದವರು ಒಂದು ಓದಿನ ಕೂಟ ಮಾಡಿಕೊಂಡರು. ಮುಂದೆ ನಿಂತವರು ಸಿ. ಸಿ. ಪಾಯಿಂಡೆಕ್ಸ್ಟರ್. ಕೃಷಿ ವಿಷಯದಲ್ಲಿ ಹೆಚ್ಚಿನ ಓದಿಗೆ ಬಂದವರು, ಬಾಕಿಯವರಿಗಿಂತ ದೊಡ್ಡವರು. ಕೂಟದಲ್ಲಿ ಪಾಠ, ಪುಸ್ತಕ, ಚರ್ಚೆ. ಒಬ್ಬರ ನೋಟ್ಸ್ ಇನ್ನೊಬ್ಬರಿಗೆ. ಮುಂದಿನ ವರ್ಷ ಇದನ್ನು ಫ್ರೆಟರ್ನಿಟಿ ಮಾಡಬೇಕು ಎಂಬ ಮಾತು ಎದ್ದಿತು. ಪಾಯಿಂಡೆಕ್ಸ್ಟರ್‌ಗೆ ಅದು ಒಪ್ಪಿಗೆ ಇರಲಿಲ್ಲ. ಸಾಹಿತ್ಯ ಕೂಟವಾಗಿ ಉಳಿದರೆ ಸಾಕು ಎಂಬುದು ಅವರ ನಿಲುವು. ವಾದ ತಿಂಗಳುಗಟ್ಟಲೆ ನಡೆಯಿತು. 1906ರ ಡಿಸೆಂಬರ್ 4ರಂದು ಫ್ರೆಟರ್ನಿಟಿಯೇ ಎಂದು ತೀರ್ಮಾನವಾಯಿತು. ಆ ದಿನವೇ ಅವರ ಸ್ಥಾಪನೆಯ ದಿನ. ಪಾಯಿಂಡೆಕ್ಸ್ಟರ್ ಹೆಸರು ಸ್ಥಾಪಕರ ಪಟ್ಟಿಯಲ್ಲಿ ಇಲ್ಲ. ನನಗೆ ಆ ಮನುಷ್ಯನ ಬಗ್ಗೆ ತುಂಬ ಗೌರವ. ಚದುರಿಹೋದ ಹುಡುಗರನ್ನು ಮೊದಲು ಒಂದು ಕಡೆ ಕೂರಿಸಿದವರು ಅವರು, ಅಲ್ವಾ?

ಆ ಏಳು ಜನ ಇವರು: ಹೆನ್ರಿ ಆರ್ಥರ್ ಕ್ಯಾಲಿಸ್, ಚಾರ್ಲ್ಸ್ ಹೆನ್ರಿ ಚಾಪ್ಮನ್, ಯೂಜೀನ್ ಕಿಂಕಲ್ ಜೋನ್ಸ್, ಜಾರ್ಜ್ ಬಿಡ್ಲ್ ಕೆಲ್ಲಿ, ನಥಾನಿಯಲ್ ಆಲಿಸನ್ ಮರ್ರೆ, ರಾಬರ್ಟ್ ಹೆರಾಲ್ಡ್ ಓಗ್ಲ್, ಮತ್ತೆ ನಮ್ಮ ಟ್ಯಾಂಡಿ. ಕೂಟದವರು ಇವರನ್ನು 'ಏಳು ರತ್ನಗಳು' ಎಂದು ಕರೆಯುತ್ತಾರೆ. ಮೊದಲ ಅಧ್ಯಕ್ಷ ಕೆಲ್ಲಿ. ಸಿವಿಲ್ ಎಂಜಿನಿಯರಿಂಗ್ ಓದಿ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿ ಪಡೆದ ಮೊದಲ ಕಪ್ಪು ಎಂಜಿನಿಯರ್ ಆದರು. ಓದಿನ ಖರ್ಚಿಗೆ ಇವರಲ್ಲಿ ಕೆಲವರು ಬಿಳಿಯರ ಫ್ರೆಟರ್ನಿಟಿ ಮನೆಗಳಲ್ಲಿ ಊಟ ಬಡಿಸುತ್ತಿದ್ದರು. ಈ ಸಂಗತಿ ನನ್ನನ್ನು ಬಹಳ ಹೊತ್ತು ಕಾಡಿತು. ಪಂಕ್ತಿಯಲ್ಲಿ ಬಡಿಸಬಹುದು, ಕೂರುವ ಹಾಗಿಲ್ಲ. ಕೂತವರು ಪರಸ್ಪರ 'ಬ್ರದರ್' ಎಂದು ಕರೆಯುವುದನ್ನು ತಟ್ಟೆ ಹಿಡಿದು ನಿಂತು ಕೇಳಬೇಕು. ನಮ್ಮೂರಿನವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫೋಟೊದಲ್ಲಿ ನೋಡಿದ್ದ ಬೆಂಚು ಬಾರ್ನ್ಸ್ ಹಾಲ್ ಎಂಬ ಕಟ್ಟಡದ ಎದುರಿಗಿದೆ. ಗೋಡೆ ಇಂಗ್ಲಿಷಿನ 'ಜೆ' ಅಕ್ಷರದ ಆಕಾರದಲ್ಲಿದೆ. ಜ್ಯೂವೆಲ್, ಅಂದರೆ ರತ್ನದ ಮೊದಲ ಅಕ್ಷರ. ನೂರನೇ ವರ್ಷದ ನೆನಪಿಗೆ ಇಟ್ಟದ್ದು. 2005ರ ನವೆಂಬರಿನಲ್ಲಿ ಸುಮಾರು 700 ಸದಸ್ಯರು ಇಲ್ಲಿಗೆ ಯಾತ್ರೆಯ ಹಾಗೆ ಬಂದು ಇದನ್ನು ಅನಾವರಣ ಮಾಡಿದರು. ಸ್ಮಾರಕ ಅಂದರೆ ಎತ್ತರದ ಪ್ರತಿಮೆ ಮಾಡಬಹುದಿತ್ತು. ಕೂರಲು ಬೆಂಚು ಇಟ್ಟಿದ್ದಾರೆ. ಅದು ನನಗೆ ತುಂಬ ಹಿಡಿಸಿತು. ಕೂತೆ. ಒಂದು ಹುಡುಗಿ ಬಂದು ಇನ್ನೊಂದು ತುದಿಯಲ್ಲಿ ಕೂತು ಪುಸ್ತಕ ತೆಗೆದಳು. ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ.

ಮಧ್ಯಾಹ್ನ ವಿಲ್ಲರ್ಡ್ ಸ್ಟ್ರೈಟ್ ಹಾಲ್ ನೋಡಿದೆವು. ಅದೂ ಹತ್ತಿರದಲ್ಲೇ ಇದೆ. 1969ರ ಏಪ್ರಿಲಿನಲ್ಲಿ ಕಪ್ಪು ವಿದ್ಯಾರ್ಥಿನಿಯರ ವಸತಿ ಮನೆಯೊಂದರ ಮುಂದೆ ಯಾರೋ ಶಿಲುಬೆ ಸುಟ್ಟರು. ಅದು ಕಪ್ಪು ಜನರನ್ನು ಹೆದರಿಸಲು ಬಿಳಿಯ ಗೂಂಡಾಗಳು ಬಳಸುತ್ತಿದ್ದ ಗುರುತು. ಸಿಟ್ಟಾದ ಕಪ್ಪು ವಿದ್ಯಾರ್ಥಿಗಳು ಈ ಕಟ್ಟಡವನ್ನು ಸುಮಾರು 36 ಗಂಟೆ ವಶಕ್ಕೆ ತೆಗೆದುಕೊಂಡರು. ಬಿಳಿಯರ ಒಂದು ಫ್ರೆಟರ್ನಿಟಿಯ ಹುಡುಗರು ನುಗ್ಗಿ ಅವರನ್ನು ಹೊರಹಾಕಲು ನೋಡಿದರು, ಆಗಲಿಲ್ಲ. ಅದೇ ವರ್ಷ ಆಫ್ರಿಕಾ ಮೂಲದವರ ಅಧ್ಯಯನಕ್ಕೆ ಒಂದು ಕೇಂದ್ರ ಶುರುವಾಯಿತು. 1906ರಿಂದ 1969ಕ್ಕೆ 63 ವರ್ಷ. ಅಷ್ಟು ವರ್ಷ ಆದ ಮೇಲೂ ಮಲಗುವ ಮನೆಯ ಮುಂದೆ ಬೆಂಕಿ.

ಇನ್ನೊಂದು ವಿಷಯವನ್ನೂ ಬರೆಯಲೇಬೇಕು. ಈ ಊರಿನ ಕಮರಿಯಲ್ಲೇ 1873ರಲ್ಲಿ ಮಾರ್ಟಿಮರ್ ಲೆಗೆಟ್ ಎಂಬ ಹುಡುಗ ಸತ್ತ. ಬಿಳಿಯರ ಒಂದು ಕೂಟಕ್ಕೆ ಸೇರಿಸಿಕೊಳ್ಳುವ ವಿಧಿಗೆಂದು ರಾತ್ರಿ ಹೊರಗೆ ಕರೆದುಕೊಂಡು ಹೋಗಿದ್ದರು. ಬಿದ್ದುಬಿಟ್ಟ. ಫ್ರೆಟರ್ನಿಟಿ ಅಂದಾಗ ಈ ಕತ್ತಲೂ ಇದೆ. ಕಪ್ಪು ವಿದ್ಯಾರ್ಥಿಗಳ ಕೂಟಗಳೂ ಇದರಿಂದ ಹೊರತಲ್ಲ. 1990ರಲ್ಲಿ ಅವೆಲ್ಲ ಸೇರಿ, ಹೊಸಬರನ್ನು ವಾರಗಟ್ಟಲೆ ಪರೀಕ್ಷೆಗೆ ಒಡ್ಡುವ ಪದ್ಧತಿಯನ್ನೇ ನಿಲ್ಲಿಸಲು ತೀರ್ಮಾನಿಸಿದವು. ಕದ್ದುಮುಚ್ಚಿ ನಡೆಯುವುದು ಅಲ್ಲಲ್ಲಿ ಉಳಿದೇ ಇದೆ. ರ‍್ಯಾಗಿಂಗ್ ತಡೆಯಲು ರಾತ್ರಿ ಹಾಸ್ಟೆಲಿನ ಕಾರಿಡಾರಿನಲ್ಲಿ ಕುರ್ಚಿ ಹಾಕಿ ಕೂತ ನನಗೆ ಇದು ಎಷ್ಟು ಕಷ್ಟ ಎಂದು ಗೊತ್ತು. ಹಸಿದ ಹುಡುಗನಿಗೆ ಜಾಗ ಕೊಡಲು ಹುಟ್ಟಿದ ಕೂಟ ಹೊಸ ಹುಡುಗನಿಗೆ ಹೊಡೆದರೆ, ಅದು ಆ ಏಳು ಜನರಿಗೇ ಮಾಡುವ ಅವಮಾನ.

ನಾಲ್ಕನೇ ದಿನ: ಪೇಟೆಯಲ್ಲಿ

ಈ ದಿನಕ್ಕಾಗಿಯೇ ನಾನು ಬಂದದ್ದು. ಯೂನಿವರ್ಸಿಟಿ ನೋಡಿ ಆಯಿತು. ಇನ್ನು ಆ ಹುಡುಗರಿಗೆ ಜಾಗ ಕೊಟ್ಟ ಪೇಟೆ.

ಮೊದಲು ಕ್ಲೀವ್‌ಲ್ಯಾಂಡ್ ಅವೆನ್ಯೂವಿನ ಸೇಂಟ್ ಜೇಮ್ಸ್ ಇಗರ್ಜಿ. ಚಿಕ್ಕ ಕಟ್ಟಡ. 1830ರ ದಶಕದ ಕಪ್ಪು ಸಭೆ ಇದು. ದಕ್ಷಿಣದ ರಾಜ್ಯಗಳಿಂದ ತಪ್ಪಿಸಿಕೊಂಡು ಕೆನಡಾ ಕಡೆಗೆ ಹೋಗುತ್ತಿದ್ದ ಗುಲಾಮರಿಗೆ ಇಲ್ಲಿ ಆಸರೆ ಸಿಗುತ್ತಿತ್ತು. ಅಂದರೆ ಏಳು ಹುಡುಗರು ಬರುವುದಕ್ಕೂ ಎಷ್ಟೋ ವರ್ಷ ಮೊದಲೇ, ಓಡಿ ಬಂದವರನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳುವುದು ಈ ಪೇಟೆಯ ಕಪ್ಪು ಜನರಿಗೆ ಅಭ್ಯಾಸವಾಗಿತ್ತು. ವಿದ್ಯಾರ್ಥಿಗಳಿಗೆ ಕೋಣೆ ಕೊಟ್ಟದ್ದು ಅದರ ಮುಂದುವರಿಕೆಯೇ ಎಂದು ನನಗೆ ಕಾಣುತ್ತದೆ.

ಅಲ್ಲಿಂದ ಸೌತ್ ಪ್ಲೇನ್ ಬೀದಿಯ ಸೌತ್‌ಸೈಡ್ ಸಮುದಾಯ ಕೇಂದ್ರದ ಮುಂದೆ ಹಾದು ಬಂದೆವು. ಅಧ್ಯಕ್ಷ ರೂಸ್‌ವೆಲ್ಟ್ ಅವರ ಪತ್ನಿ ಎಲೀನರ್ 1938ರಲ್ಲಿ ಬಂದು ಉದ್ಘಾಟಿಸಿದ ಕಟ್ಟಡ. ಮಕ್ಕಳು ಹೊರಗೆ ಚೆಂಡು ಆಡುತ್ತಿದ್ದರು.

ಆಮೇಲೆ ಈಸ್ಟ್ ಸ್ಟೇಟ್ ಸ್ಟ್ರೀಟ್. 411ನೇ ನಂಬರು. ಅಲ್ಲಿ ಆರ್ಚಿ ಮತ್ತು ಆನಿ ಸಿಂಗಲ್ಟನ್ ದಂಪತಿಯ ಮನೆ ಇತ್ತು. ಹುಡುಗರು ಸೇರುತ್ತಿದ್ದದ್ದು, ವಾದ ಮಾಡುತ್ತಿದ್ದದ್ದು ಆ ಮನೆಯಲ್ಲಿ. ನಾರ್ತ್ ಆಲ್ಬನಿ ಬೀದಿಯ ನ್ಯೂಟನ್ ಎಂಬವರ ಮನೆಯಲ್ಲೂ ಸೇರುತ್ತಿದ್ದರು. ಆನಿ ಸಿಂಗಲ್ಟನ್ ಅವರನ್ನು ಕೂಟದವರು ಇಂದಿಗೂ 'ಫ್ರೆಟರ್ನಿಟಿಯ ತಾಯಿ' ಎಂದು ನೆನೆಯುತ್ತಾರೆ. ಇತಿಹಾಸ ಬರೆಯುವಾಗ ಸಾಮಾನ್ಯವಾಗಿ ಅಡುಗೆಮನೆಯ ಹೆಸರು ಬಿಟ್ಟುಹೋಗುತ್ತದೆ. ಇವರು ಬಿಡಲಿಲ್ಲ. ನಮ್ಮ ಅಜ್ಜನ ಏಳು ಮನೆಗಳಲ್ಲಿ ಬಡಿಸಿದ ಅಮ್ಮಂದಿರ ಹೆಸರು ನನಗೆ ಒಂದೂ ಗೊತ್ತಿಲ್ಲ. ಅಜ್ಜ ಬದುಕಿದ್ದಾಗ ಕೇಳಬೇಕಿತ್ತು.

ಬೀದಿಯ ಬೋರ್ಡು ಓದಿದೆ. ಹಳೆಯ ಹೆಸರಿನ ಜೊತೆ ಇನ್ನೊಂದು ಹೆಸರೂ ಇದೆ: ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಸ್ಟ್ರೀಟ್. ಕಿಂಗ್ 1952ರಲ್ಲಿ ಬಾಸ್ಟನ್ನಿನಲ್ಲಿ ಓದುತ್ತಿದ್ದಾಗ ಅಲ್ಲಿನ ಸಿಗ್ಮಾ ಚಾಪ್ಟರಿನಲ್ಲಿ ಇದೇ ಕೂಟ ಸೇರಿದ್ದರು. ಕೂಟ ಹುಟ್ಟಿದ ಬೀದಿಗೆ ಈಗ ಕೂಟದವರದೇ ಹೆಸರು. ಅಣ್ಣನ ಮಗಳು ನನ್ನ ಫೋಟೊ ತೆಗೆದಳು. ಅದರಲ್ಲಿ ನಾನು ಬೋರ್ಡಿನ ಕಂಬ ಹಿಡಿದುಕೊಂಡು ನಿಂತಿದ್ದೇನೆ.

ರಾತ್ರಿ ನೀರುದೋಸೆ ಮಾಡಿದಳು. ತಿನ್ನುತ್ತಾ ಅವಳಿಗೆ ಕುದ್ಮುಲ್ ರಂಗರಾಯರ ಕಥೆ ಹೇಳಿದೆ. ಅವರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಶಾಲೆ, ಹಾಸ್ಟೆಲ್ ನಡೆಸಿದರು. ಸ್ವಂತ ಜಾತಿಯವರು ದೂರ ಇಟ್ಟರು. ಈ ಮಕ್ಕಳು ಓದಿ ಕೆಲಸಕ್ಕೆ ಸೇರಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆ. ಮಂಗಳೂರಿನಲ್ಲೇ ಹುಟ್ಟಿದ ಹುಡುಗಿಗೆ ಈ ಕಥೆ ಪೂರ್ತಿ ಗೊತ್ತಿರಲಿಲ್ಲ. ಮಂಗಳೂರಿಗೂ ಇಥಾಕಾಕ್ಕೂ ಒಂದು ವ್ಯತ್ಯಾಸ ಇದೆ ಎಂದು ಅವಳೇ ಹೇಳಿದಳು. ಅಲ್ಲಿ ಮೇಲಿನವರೊಬ್ಬರು ಕೈ ಚಾಚಿದರು. ಇಲ್ಲಿ ಹುಡುಗರು ತಾವೇ ತಮಗೆ ಮನೆ ಮಾಡಿಕೊಂಡರು. ಸರಿಯಾದ ಮಾತು. ಬಸ್ಸಿನಲ್ಲಿ "ಸ್ವಲ್ಪ ಅಲ್ಲ" ಎಂದದ್ದು ಇದಕ್ಕೇ.

ಐದನೇ ದಿನ: ವಾಷಿಂಗ್ಟನ್

ಬೆಳಗಿನ ಐದಕ್ಕೇ ಅವಳ ಕಾರಿನಲ್ಲಿ ಹೊರಟೆವು. ಪೆನ್ಸಿಲ್ವೇನಿಯಾದ ಗುಡ್ಡ ದಾಟಿ ಆರು ಗಂಟೆ. ಹುಡುಗರೂ ಬೇಗನೆ ಇದೇ ದಿಕ್ಕಿಗೆ ಹೊರಟಿದ್ದರು. ಒಂದು ವರ್ಷ ತುಂಬುತ್ತಲೇ, 1907ರ ಡಿಸೆಂಬರಿನಲ್ಲಿ, ವಾಷಿಂಗ್ಟನ್ನಿನ ಹೋವರ್ಡ್ ಯೂನಿವರ್ಸಿಟಿಯಲ್ಲಿ ಬೀಟಾ ಚಾಪ್ಟರ್. ಅದೇ ತಿಂಗಳು ರಿಚ್ಮಂಡ್‌ನ ವರ್ಜೀನಿಯಾ ಯೂನಿಯನ್‌ನಲ್ಲಿ ಗಾಮಾ. ಇದರ ಹಿಂದೆ ಓಡಾಡಿದವರು ಯೂಜೀನ್ ಕಿಂಕಲ್ ಜೋನ್ಸ್. ಗಾಮಾ ಹುಟ್ಟಿದ್ದು ಅವರು ಮೊದಲು ಓದಿದ್ದ ಕಾಲೇಜಿನಲ್ಲೇ. ಮುಂದೆ ಕಪ್ಪು ಜನರಿಗೆ ಕೆಲಸ, ಮನೆ ಕೊಡಿಸುವ ನ್ಯಾಷನಲ್ ಅರ್ಬನ್ ಲೀಗ್ ಅನ್ನು ವರ್ಷಗಟ್ಟಲೆ ನಡೆಸಿದರು. 1908ರಲ್ಲಿ ಕೆನಡಾದ ಟೊರೊಂಟೊದಲ್ಲೂ ಚಾಪ್ಟರ್ ಆಯಿತು.

ಹೋವರ್ಡಿನ ಅಂಗಳದಲ್ಲಿ ಒಂದೊಂದು ಕೂಟಕ್ಕೆ ಒಂದೊಂದು ಮರ. ಕಾಂಡಕ್ಕೆ ತಮ್ಮ ತಮ್ಮ ಬಣ್ಣ ಬಳಿದಿದ್ದಾರೆ. ಆಲ್ಫಾದ ಬಣ್ಣ ಕಪ್ಪು ಮತ್ತು ಹಳೆಯ ಚಿನ್ನದ ಬಣ್ಣ. ಇದೇ ಅಂಗಳದಲ್ಲಿ 1908ರಲ್ಲಿ ಹುಡುಗಿಯರು ಆಲ್ಫಾ ಕಾಪಾ ಆಲ್ಫಾ ಎಂಬ ಕೂಟ ಕಟ್ಟಿದರು. ಚೆನ್ನೈ ಮೂಲದ ತಾಯಿಯ ಮಗಳು ಕಮಲಾ ಹ್ಯಾರಿಸ್ ಓದುವಾಗ ಸೇರಿದ್ದು ಅದನ್ನೇ. ಹೆನ್ರಿ ಕ್ಯಾಲಿಸ್ ಡಾಕ್ಟರಾಗಿ ಇದೇ ಹೋವರ್ಡಿನಲ್ಲಿ ಪಾಠ ಮಾಡಿದರು. ಏಳು ಜನರಲ್ಲಿ ಕೊನೆಯವರೆಗೆ ಬದುಕಿದವರು ಅವರು, 1974ರವರೆಗೆ. ಮೊದಲು ಹೋದವರು ಫ್ಲಾರಿಡಾದಲ್ಲಿ ಕೃಷಿ ಕಲಿಸುತ್ತಿದ್ದ ಚಾಪ್ಮನ್, 1934ರಲ್ಲಿ. ಸದಸ್ಯರು ಸತ್ತರೆ ಈ ಕೂಟದವರು 'ಒಮೆಗಾ ಚಾಪ್ಟರ್ ಸೇರಿದರು' ಅನ್ನುತ್ತಾರೆ. ಗ್ರೀಕ್ ವರ್ಣಮಾಲೆಯ ಕೊನೆಯ ಅಕ್ಷರ ಒಮೆಗಾ. ಬದುಕಿದ್ದವರ ಯಾವ ಚಾಪ್ಟರಿಗೂ ಆ ಹೆಸರು ಇಡುವುದಿಲ್ಲ. ಅದು ತೀರಿಹೋದವರಿಗೇ ಮೀಸಲು.

ಸಂಜೆ ಟೈಡಲ್ ಬೇಸಿನ್ ಎಂಬ ಕೆರೆಯಂಥ ನೀರಿನ ದಂಡೆಗೆ ಬಂದೆವು. ಬಂಡೆಯಿಂದ ಅರ್ಧ ಹೊರಬಂದ ಹಾಗೆ ಕಿಂಗ್ ನಿಂತಿದ್ದಾರೆ. ಎತ್ತರ 30 ಅಡಿ. ವಿಳಾಸ 1964, ಇಂಡಿಪೆಂಡೆನ್ಸ್ ಅವೆನ್ಯೂ. ನಾಗರಿಕ ಹಕ್ಕುಗಳ ಕಾಯಿದೆ ಬಂದ ವರ್ಷವನ್ನೇ ಮನೆ ನಂಬರು ಮಾಡಿದ್ದಾರೆ. ಇಂಥದ್ದೊಂದು ಸ್ಮಾರಕ ಬೇಕು ಎಂದು 1984ರಲ್ಲಿ ಆಲ್ಫಾ ಸದಸ್ಯ ಜಾರ್ಜ್ ಸೀಲಿ ಕೂಟದ ಮುಂದೆ ಇಟ್ಟರು. ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಉದ್ಘಾಟನೆ ಆದದ್ದು 2011ರ ಅಕ್ಟೋಬರ್ 16ರಂದು. 27 ವರ್ಷ ಬಿಡದೆ ಹಿಡಿದು ಮಾಡಿದ ಕೆಲಸ.

ಕಪ್ಪು-ಚಿನ್ನದ ಬಣ್ಣದ ಜಾಕೆಟ್ ಹಾಕಿದ ನಾಲ್ವರು ವಯಸ್ಸಾದವರು ಅಲ್ಲಿದ್ದರು. ಫೋಟೊ ತೆಗೆದುಕೊಡಿ ಎಂದು ನನ್ನನ್ನು ಕೇಳಿದರು. ತೆಗೆದೆ. ಇಥಾಕಾದಿಂದ ಬರುತ್ತಿದ್ದೇನೆ, 411ನೇ ನಂಬರಿನ ಬೀದಿ ನೋಡಿ ಬಂದೆ ಎಂದೆ. ಅವರಲ್ಲಿ ಒಬ್ಬರು ನನ್ನ ಎರಡೂ ಕೈ ಹಿಡಿದುಕೊಂಡರು. ಅವರು ಇನ್ನೂ ಅಲ್ಲಿಗೆ ಹೋಗಿಲ್ಲವಂತೆ, ಸಾಯುವುದರೊಳಗೆ ಹೋಗಬೇಕಂತೆ. ನೀವು ಇದನ್ನೆಲ್ಲ ಯಾಕೆ ಹುಡುಕಿಕೊಂಡು ಬಂದಿರಿ ಎಂದು ಕೇಳಿದರು.

ಅಜ್ಜನ ವಾರಾನ್ನದ ಕಥೆ ಹೇಳಿದೆ. ರಂಗರಾಯರ ಕಥೆಯನ್ನೂ ಹೇಳಿದೆ. ನನ್ನ ಇಂಗ್ಲಿಷ್ ಎಡವಿದ ಕಡೆ ಅಣ್ಣನ ಮಗಳು ಸೇರಿಕೊಂಡಳು. ನಾಲ್ವರೂ ನಿಂತು ಕೇಳಿದರು. ಕಾರಿನ ಧೂಳಿನ ಮಾತು ಬಂದಾಗ ಒಬ್ಬರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು.

ಕೈ ಹಿಡಿದಿದ್ದ ಹಿರಿಯರು ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದರು. ಆ ಹೆಸರು ಇನ್ನೊಮ್ಮೆ ಹೇಳಿ ಎಂದರು. ನಾನೇ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ನಿಮ್ಮ ಅಕ್ಷರದಲ್ಲೂ ಬರೆಯಿರಿ ಎಂದರು. ಅದರ ಕೆಳಗೆ, ಸ್ವಲ್ಪ ದೊಡ್ಡದಾಗಿ, ಕುದ್ಮುಲ್ ರಂಗರಾವ್ ಎಂದು ಬರೆದೆ.